ಕಂಡಕ್ಟರ್ ಅತ್ತಿಗೆ ಹಾಕಿದ ಗಾಳ

ನಮ್ಮ ಅತ್ತಿಗೆ ಕೂತದ್ದನ್ನು ನೋಡಿದವರು ಕಡಿಮೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಕಂಬಕ್ಕೆ ಸೊಂಟ ಆನಿಸಿಕೊಂಡು ಟಿಕೆಟ್ ಹರಿದೂ ಹರಿದೂ ನಿಂತಿರುವುದೇ ಮೈಗೆ ಹತ್ತಿಬಿಟ್ಟಿದೆ. ಊಟವೂ ಅಡುಗೆಕಟ್ಟೆಗೆ ಒರಗಿಕೊಂಡೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ದಿನವಿಡೀ ಕೂತಿರುವ ನನಗೆ ಅವಳನ್ನು ನೋಡಿದರೇ ಕಾಲು ನೋಯುತ್ತದೆ. "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದ್ಯಾ ಅತ್ತಿಗೆ?" ಎಂದು ಕೇಳಿದರೆ, "ನೀನು ಕುರ್ಚಿ ಕಟ್ಕೊಂಡು ಹುಟ್ಟಿದೀಯಲ್ಲ, ಹಾಗೇ" ಅನ್ನುತ್ತಾಳೆ.

ಬಸ್ ಕಂಪನಿ ಬಾಗಿಲು ಹಾಕಿದಾಗ ಅವಳೂ, ಅದೇ ಬಸ್ಸು ಓಡಿಸುತ್ತಿದ್ದ ಡ್ರೈವರಣ್ಣನೂ ಒಟ್ಟಿಗೇ ಬೀದಿಗೆ ಬಿದ್ದರು. ಲೈಬ್ರರಿಯ ಮಹಡಿಯಲ್ಲಿ ಆಗಷ್ಟೇ ಸೈಬರ್ ಭದ್ರತೆಯ ತರಬೇತಿ ಶುರುವಾಗಿತ್ತು. ಓದು ಅರ್ಧಕ್ಕೆ ಬಿಟ್ಟವರಿಗೆ, ಕೆಲಸ ಕಳೆದುಕೊಂಡವರಿಗೆ ಪುಕ್ಕಟೆ. ಅತ್ತಿಗೆ ಡ್ರೈವರಣ್ಣನನ್ನೂ ಎಳೆದುಕೊಂಡು ಹೋಗಿ ಸೇರಿಸಿದಳು. ಈ ವಯಸ್ಸಿಗೆ ನನಗ್ಯಾಕಮ್ಮ ಕಂಪ್ಯೂಟರು ಎಂದು ಅವರು ಗೊಣಗಿದರೆ, "ಸ್ಟೀರಿಂಗ್ ತಿರುಗಿಸಿದೋರಿಗೆ ಮೌಸ್ ಯಾವ ಮಹಾ, ನಡೀರಿ" ಅಂದಳಂತೆ.

ಮನೆಯಲ್ಲಿ ನನ್ನ ಇಸ್ತ್ರಿ ಟೇಬಲ್ಲು ಅವಳ ಪಾಲಾಯಿತು. ತರಬೇತಿ ಕೇಂದ್ರದವರು ಕೊಟ್ಟ ಹಳೇ ಲ್ಯಾಪ್‌ಟಾಪ್ ಅದರ ಮೇಲೆ, ನನ್ನ ಇಸ್ತ್ರಿಪೆಟ್ಟಿಗೆ ನೆಲದ ಮೇಲೆ. ನಿಂತುಕೊಂಡೇ ಪಾಠ, ನಿಂತುಕೊಂಡೇ ಅಭ್ಯಾಸ, ನಡುನಡುವೆ ಬಾಗಿಲ ತನಕ ಹೋಗಿ ಬರುವುದು. ನಾನು ಗಿರಾಕಿಗಳ ಎದುರೇ ಕೂಗಾಡಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಅವಳ ಆಸೆಯೆಲ್ಲ ಒಂದು ಕಂಪನಿಯ ಕಾವಲು ಕೋಣೆಯ ಮೇಲಿತ್ತು. ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರುಗಳಿಗೆ ಯಾರಾದರೂ ನುಗ್ಗಲು ನೋಡುತ್ತಿದ್ದಾರಾ ಎಂದು ಅಲ್ಲಿ ಪರದೆ ನೋಡುತ್ತಾ ಕಾಯಬೇಕು. ಕೇಂದ್ರದಿಂದ ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಪರೀಕ್ಷೆಗೆ ಅರ್ಧ ದಿನ ಪರದೆ ಮುಂದೆ ಕೂರಿಸಿದರು. ಡ್ರೈವರಣ್ಣ ರಸ್ತೆ ನೋಡಿದ ಹಾಗೆ ಪರದೆ ನೋಡುತ್ತಾ ಕೂತರಂತೆ. ಅತ್ತಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ ನಾಲ್ಕು ಸಲ ಎದ್ದಳಂತೆ. ಆದರೂ ಅವಳು ಹಿಡಿದ ತಪ್ಪುಗಳೇನೂ ಕಡಿಮೆ ಇರಲಿಲ್ಲ. ಫಲಿತಾಂಶಕ್ಕೆ ಇಡೀ ಕ್ಲಾಸೇ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು.

ಆ ನಡುವೆ ಪಾಠ ಹೇಳುವ ಮೇಡಂ ಒಂದು ಕೆಲಸ ಕೊಟ್ಟರು. ಮೋಸದ ಮೆಸೇಜು ಹೇಗಿರುತ್ತದೆಂದು ತಿಳಿಯಬೇಕಾದರೆ ನೀವೇ ಒಂದು ಬರೆದು ಕ್ಲಾಸಿನವರಿಗೆ ಗಾಳ ಹಾಕಿ, ಮರುದಿನ ಎಲ್ಲರೂ ಕೂತು ಮಾತಾಡೋಣ ಎಂದರು. ಒಬ್ಬ ಲಾಟರಿ ಹೊಡೆದಿದೆ ಎಂದು ಬರೆದ, ಇನ್ನೊಬ್ಬಳು ಪುಕ್ಕಟೆ ಫೋನ್ ಎಂದಳು. ಯಾರೂ ಮೂಸಲಿಲ್ಲ. ಟಿಕೆಟ್ ಇಲ್ಲದವನನ್ನು ಮುಖದಲ್ಲೇ ಗುರುತಿಸುತ್ತಿದ್ದವಳು ನಮ್ಮ ಅತ್ತಿಗೆ. ಇವರೆಲ್ಲ ಯಾವುದಕ್ಕೆ ಕಾಯುತ್ತಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲವೇ? ಕಂಪನಿಯ ಹೆಸರು ಹಾಕಿ ಬರೆದಳು: "ಕಾವಲು ಕೋಣೆಯ ಕೆಲಸಕ್ಕೆ ನೀವು ಆಯ್ಕೆಯಾಗಿದ್ದೀರಿ. ಸಂಜೆಯೊಳಗೆ ಪಾಸ್‌ವರ್ಡ್ ಹಾಕಿ ಒಪ್ಪಿಗೆ ತಿಳಿಸಿ." ಕಳಿಸಿದವಳೇ ಕೋಣೆ ತುಂಬ ಕುಣಿದಾಡಿದಳು. ನಾನೂ ನಕ್ಕೆ.

ಮಧ್ಯಾಹ್ನ ಡ್ರೈವರಣ್ಣ ನಮ್ಮ ಮನೆಗೆ ಬಂದರು. ಬಗಲಲ್ಲಿ ಬಟ್ಟೆಯ ಪೊಟ್ಟಣ, ಮುಖದಲ್ಲಿ ಹಿಡಿಸಲಾರದ ನಗು.

"ತಂಗೀ, ಒಂದು ಅಂಗಿ ಹೊಲಿದು ಕೊಡಮ್ಮ. ಕೆಲಸಕ್ಕೆ ಹಾಕ್ಕೊಂಡು ಹೋಗೋಕೆ. ಖಾಕಿ ಹಾಕೀ ಹಾಕೀ ಸಾಕಾಗಿದೆ, ತಿಳಿ ನೀಲಿ ತಂದೆ. ಮಗಳಿಗೆ ಆಗಲೇ ಫೋನ್ ಮಾಡಿ ಹೇಳ್ದೆ."

ಅತ್ತಿಗೆ ಇಸ್ತ್ರಿ ಟೇಬಲ್ಲಿನ ಹತ್ತಿರ ಕಲ್ಲಾಗಿ ನಿಂತಿದ್ದಳು. ಅವರು ಅಳತೆಗೆ ಕೈ ಚಾಚಿ ನಿಂತರು. ನಾನು, ದೇವರಾಣೆ, ಭುಜದ ಅಳತೆ ತೆಗೆದೇಬಿಟ್ಟೆ. ಮತ್ತೇನು ಮಾಡಬೇಕೆಂದು ನನಗೆ ತೋಚಲಿಲ್ಲ.

"ಅಣ್ಣಾ, ಅದು ನಾನು ಬರೆದದ್ದು" ಎಂದಳು ಅತ್ತಿಗೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಓ, ಪಾಠದ್ದಾ. ಚೆನ್ನಾಗಿ ಬರೆದಿದೀಯಮ್ಮ" ಎಂದು ಚಾಚಿದ ಕೈ ಇಳಿಸಿ, ಪೊಟ್ಟಣವನ್ನು ಮರೆತು ಹೊರಟುಹೋದರು. ಮರುದಿನದಿಂದ ಕ್ಲಾಸಿಗೆ ಬರುವುದನ್ನೇ ಬಿಟ್ಟರು.

ಮೇಡಂ ಅತ್ತಿಗೆಯ ಗಾಳವನ್ನು ಎಲ್ಲರೆದುರು ಹೊಗಳಿದರಂತೆ. ಇವಳಿಗೆ ಅನ್ನ ಇಳಿಯಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಬೀದಿಗೆ ಓಡಾಟವೋ ಓಡಾಟ. ಅವರ ಮನೆಗೆ ಎರಡು ಸಲ ಹೋದಳು. "ನೀನು ನಿನ್ನ ಕೆಲಸ ಮಾಡ್ದೆ ಬಿಡಮ್ಮ" ಎಂದು ಅವರು ಬಾಗಿಲಲ್ಲೇ ಮಾತು ಮುಗಿಸಿದರು. ನನಗೂ ಸುಮ್ಮನಿರಲಾಗಲಿಲ್ಲ. ನೀಲಿ ಬಟ್ಟೆ ಕತ್ತರಿಸಿ ಅಂಗಿ ಹೊಲಿದಿಟ್ಟೆ.

ವಾರ ಕಳೆದ ಮೇಲೆ ಮೇಡಂ ಫೋನ್ ಮಾಡಿದರು. ಅತ್ತಿಗೆ ನಡೆದಾಡುತ್ತಾ ಸ್ಪೀಕರಿನಲ್ಲೇ ಮಾತಾಡುವವಳು, ಹಾಗಾಗಿ ನನಗೂ ಕೇಳಿಸಿತು.

"ಕಂಪನಿಯವರು ಡ್ರೈವರನ್ನೇ ಆರಿಸಿದಾರೆ. ಮೇಲ್ ಕಳಿಸಿದ್ರೆ ಅವರು ಮೋಸದ್ದು ಅಂತ ಗುರುತು ಹಾಕಿ ಅಳಿಸಿಬಿಟ್ಟಿದಾರೆ. ನನ್ನ ಫೋನೂ ಎತ್ತುತ್ತಿಲ್ಲ. ಸಂಜೆ ಐದರೊಳಗೆ ಒಪ್ಪಿಗೆ ಕೊಡಬೇಕು, ನೀವೊಂದು ಸಲ ಹೋಗಿ ಹೇಳ್ತೀರಾ?" ಆಮೇಲೆ, "ಇನ್ನೊಂದು ಮಾತು, ಮುಚ್ಚಿಡೋದು ಸರಿ ಅಲ್ಲ. ಅವರು ಒಪ್ಪದೇ ಹೋದ್ರೆ ಆ ಕೆಲಸ ನಿಮಗೆ" ಎಂದರು.

ಫೋನ್ ಇಟ್ಟಳು. ನಾನು ಮಷಿನ್ ನಿಲ್ಲಿಸಿದೆ.

"ಸುಮ್ನೆ ಇದ್ದುಬಿಡು ಅತ್ತಿಗೆ" ಎಂದೆ. ಹೌದು, ಅಂದೆ. ಅಂಗಿ ಹೊಲಿದ ಕೈಯೇ ನನ್ನದು, ಆದರೂ ಅಂದೆ. "ನೀನೇನು ಕದೀತಿಲ್ಲ. ಅವರೇ ಅಳಿಸಿದ್ದು."

ಅತ್ತಿಗೆ ಕಿಟಕಿ ತನಕ ಹೋದಳು, ಬಂದಳು. ನೀರು ಕುಡಿದಳು. ಲ್ಯಾಪ್‌ಟಾಪ್ ತೆರೆದಳು, ಮುಚ್ಚಿದಳು. ಗಡಿಯಾರ ನೋಡಿದಳು. ನನಗೇ ತಲೆ ಸುತ್ತುವಷ್ಟು ತಿರುಗಿದ ಮೇಲೆ ಮೊಳೆಗೆ ನೇತುಹಾಕಿದ್ದ ನೀಲಿ ಅಂಗಿಯನ್ನು ಎಳೆದುಕೊಂಡು, "ಬರ್ತೀಯೋ ಇಲ್ವೋ?" ಎಂದಳು.

ಡ್ರೈವರಣ್ಣ ಮಹಡಿ ಮನೆಯಲ್ಲಿ ಈರುಳ್ಳಿ ಸುಲಿಯುತ್ತಾ ಕೂತಿದ್ದರು. ಅತ್ತಿಗೆ ಮೆಟ್ಟಿಲು ಹತ್ತಿದ ಏದುಸಿರಲ್ಲೇ ಎಲ್ಲ ಹೇಳಿದಳು. ಅವರು ತಲೆ ಎತ್ತಲಿಲ್ಲ.

"ಈ ಸಲ ಅಂಗೀನೂ ಹೊಲಿಸ್ಕೊಂಡು ಬಂದಿದೀಯಲ್ಲಮ್ಮ. ಗಾಳ ಗಟ್ಟಿಯಾಗಿದೆ."

ಅತ್ತಿಗೆಗೆ ಕಣ್ಣು ತುಂಬಿತು. ನನಗೆ ಮಾತ್ರ ಕೋಪ ನೆತ್ತಿಗೇರಿತು. "ಏನಣ್ಣಾ ನೀವು, ಇವಳು ಏನು ಬಿಟ್ಟು ಬಂದಿದಾಳೆ ಗೊತ್ತಾ" ಎಂದು ಬಾಯಿ ತೆಗೆದೆ. ಅತ್ತಿಗೆ ನನ್ನ ಕೈ ಜಿಗುಟಿದಳು.

"ನನ್ನ ನಂಬಬೇಡಿ ಅಣ್ಣಾ" ಎಂದಳು. "ಒಂದು ಸಲ ನಂಬಿದ್ದಕ್ಕೇ ಹೀಗಾಯ್ತು. ಮೇಡಂ ಹೇಳಿಕೊಟ್ಟಿದ್ದು ಮಾಡಿ. ಬಂದ ಮೆಸೇಜು ಬಿಡಿ, ಹೇಳಿದೋರ ಮಾತೂ ಬಿಡಿ. ನಿಮಗೇ ಗೊತ್ತಿರೋ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ."

ಅವರು ತಲೆ ಎತ್ತಿ ಅವಳ ಮುಖ ನೋಡಿದರು. ಆಮೇಲೆ ಕೈ ಒರೆಸಿಕೊಂಡು, ತಮ್ಮ ಫೋನಿನಲ್ಲಿದ್ದ ಕೇಂದ್ರದ ನಂಬರ್ ಒತ್ತಿ ಒಳಗೆ ಹೋದರು. ಗೋಡೆಯಾಚೆಯಿಂದ ಬರೀ "ಹೂಂ... ಹೂಂ ಮೇಡಂ" ಕೇಳಿಸಿತು. ಅತ್ತಿಗೆ ಮೆಟ್ಟಿಲಿಳಿದಳು, ಹತ್ತಿದಳು, ಮತ್ತೆ ಇಳಿದಳು.

ಹೊರಗೆ ಬಂದಾಗ ಅವರ ದನಿ ಬದಲಾಗಿತ್ತು.

"ನಾನು ಸುಮ್ನಿದ್ದಿದ್ರೆ ನಿನಗೆ ಬರ್ತಿತ್ತಂತೆ."

"ಒಪ್ಪಿದ್ರಾ ಇಲ್ವಾ, ಅದು ಹೇಳಿ."

"ಒಪ್ಪಿದೆ. ಆದ್ರೆ ಕಂಡಕ್ಟರಮ್ಮ..."

"ಹಾಗಾದ್ರೆ ಅಂಗಿ ಹಾಕ್ಕೊಂಡು ನೋಡಿ. ಭುಜ ಬಿಗಿಯಾದ್ರೆ ಇವಳು ಈಗ್ಲೇ ಬಿಚ್ಚಿ ಹೊಲೀತಾಳೆ."

ಭುಜ ಸರಿಯಾಗೇ ಇತ್ತು. ನನ್ನ ಅಳತೆ ಎಲ್ಲಿ ತಪ್ಪುತ್ತದೆ?

ವಾಪಸು ಬರುವ ಬಸ್ಸು ಖಾಲಿ ಇತ್ತು. ಎಷ್ಟೇ ಸೀಟಿದ್ದರೂ ಕಂಬ ಹಿಡಿದು ನಿಲ್ಲುವವಳು ಅವತ್ತು ಕಿಟಕಿ ಪಕ್ಕ ಕೂತಳು. ನಾನು ಹತ್ತಿರ ಕೂತು ಅವಳ ಕೈ ಹಿಡಿದೆ. ಆ ಕೆಲಸ ತನಗೆ ಎಷ್ಟು ಬೇಕಾಗಿತ್ತೆಂದು ಅವಳು ಹೇಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಅಷ್ಟೆ. ಒಂದು ಸ್ಟಾಪ್ ಹೋಯಿತು. ಇನ್ನೊಂದು ಬರುವಷ್ಟರಲ್ಲಿ ಮುಖ ಒರೆಸಿಕೊಂಡು ಎದ್ದೇಬಿಟ್ಟಳು.

"ಇಳಿಯೇ, ನಡ್ಕೊಂಡು ಹೋಗೋಣ" ಎಂದಳು. "ಕೂರೋಕೆ ಆಗಲ್ಲ ನನಗೆ."