ಎಂಬತ್ತೈದರ ಲೆನ್ಸು ಮತ್ತು ಧಾರೆ ಸೀರೆಯ ಅಂಚು

ಲೆನ್ಸಿನ ವಿಷಯದಲ್ಲಿ ನಾನು ಆಸೆಬುರುಕ. ಕೊಳ್ಳೇಗಾಲದಲ್ಲಿ ಸ್ಟುಡಿಯೊ ಇಟ್ಟು ಇಷ್ಟು ವರ್ಷವಾದರೂ ಹೊಸ ಲೆನ್ಸು ಕಂಡರೆ ಕೈ ತುರಿಸುತ್ತದೆ. ಮೈಸೂರಿನ ಪರಿಚಯದ ಕ್ಯಾಮೆರಾ ಅಂಗಡಿಯವರು ಮಿರರ್‌ಲೆಸ್ ಕ್ಯಾಮೆರಾದ ಒಂದು ಪೋರ್ಟ್ರೇಟ್ ಲೆನ್ಸನ್ನು ಹತ್ತು ದಿನದ ಮಟ್ಟಿಗೆ ಕೊಟ್ಟು, "ಬಳಸಿ ನೋಡಿ, ನಮ್ಮ ಫೋಟೋಗ್ರಾಫರುಗಳ ಗುಂಪಿಗೆ ನಾಲ್ಕು ಮಾತು ಬರೆದುಕೊಡಿ" ಎಂದಾಗ ಊಟ ಬಿಟ್ಟು ಓಡಿದ್ದೆ. ಎಂಬತ್ತೈದು ಎಂಎಂ, ಬೆಳಕು ಒಳಬಿಡುವ ಕಂಡಿ, ಅಂದರೆ ಅಪರ್ಚರ್, ಒಂದು ಪಾಯಿಂಟ್ ಎರಡು. ಅದನ್ನು ಪೂರ್ತಿ ತೆರೆದು ಹೊಡೆದರೆ ಕಣ್ಣಿನ ರೆಪ್ಪೆ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ, ಅದೇ ಮುಖದ ಕಿವಿ ಮಸುಕು. ಬೇಡವೆಂದರೆ ಅಪರ್ಚರನ್ನು ಕಿರಿದು ಮಾಡಿಕೊಂಡರೆ ಆಯಿತು, ಎಲ್ಲವೂ ಸ್ಪಷ್ಟ. ಆದರೆ ಅಂಥ ಲೆನ್ಸು ಕೈಗೆ ಬಂದಾಗ ಕಿರಿದು ಮಾಡುವ ಮನಸ್ಸು ಯಾರಿಗೆ ಬರುತ್ತದೆ?

ಮೊದಲ ದಿನಗಳಲ್ಲಿ ಹೊನ್ನೂರಿನ ಗದ್ದೆ ಬದಿಯಲ್ಲಿ ಕಬ್ಬು ಕಡಿಯುವವರ ಮುಖ ತೆಗೆದೆ. ಬಿಳಿಗಿರಿರಂಗನ ಬೆಟ್ಟಕ್ಕೂ ಹೋಗಿಬಂದೆ. ಕಣ್ಣನ್ನು ಹುಡುಕಿ ಹಿಡಿಯುವುದರಲ್ಲಿ ಲೆನ್ಸು ಭಾರಿ ಚುರುಕು. ತೂಕ ಮಾತ್ರ ಅರ್ಧ ದಿನಕ್ಕೇ ಮಣಿಕಟ್ಟು ನೋಯಿಸುವಷ್ಟು. ಹೊಳೆಯುವ ವಸ್ತುಗಳ ಅಂಚಿನಲ್ಲಿ ತುಸು ನೇರಳೆ ಬಣ್ಣ ಕಾಣುತ್ತಿತ್ತು. ಇದನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಂಡೆ. ಬೆಳಕು ಕಡಿಮೆ ಇರುವ ಛತ್ರವೊಂದರಲ್ಲಿ ಪರೀಕ್ಷಿಸುವುದು ಬಾಕಿಯಿತ್ತು.

ಒಂಬತ್ತನೆಯ ದಿನ ಒಂದು ಮದುವೆ ಒಪ್ಪಿಕೊಂಡಿದ್ದೆ. ಹುಡುಗಿಯ ಅಪ್ಪ ನಮ್ಮೂರಿನ ರೇಷ್ಮೆ ನೇಕಾರ. ಎರಡು ಕಣ್ಣಿಗೂ ಪೊರೆ ಆಪರೇಷನ್ ಆದಮೇಲೆ, ಇನ್ನು ತನ್ನಿಂದ ಸಣ್ಣ ಕೆಲಸ ಆಗುತ್ತದೋ ಇಲ್ಲವೋ ಎಂಬ ಹೆದರಿಕೆ ಹತ್ತಿಕೊಂಡಿದ್ದ ಮನುಷ್ಯ. ಆ ಹೆದರಿಕೆ ಇಟ್ಟುಕೊಂಡೇ ಮಗಳ ಧಾರೆ ಸೀರೆಯನ್ನು ತಾನೇ ನೇಯ್ದಿದ್ದರು. ಅಂಚಿನ ಉದ್ದಕ್ಕೂ ಜರಿಯ ಹಂಸಗಳು, ಜೋಡಿ ಜೋಡಿಯಾಗಿ, ಹೆಬ್ಬೆರಳಿನ ಉಗುರಿನಷ್ಟು ಚಿಕ್ಕವು. ಧಾರೆಗೆ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು.

"ಸಾ, ಸೆರಗ ಮುಂದಕ್ಕೇ ಆಕ್ಸಿವ್ನಿ. ಹಂಸ ಕಾಣ್ಬೇಕು ಕಣ್ರಿ. ಮೂತಿ ಎಂಗಾರ ಬರ‍್ಲಿ."

ನಾನು ನಕ್ಕು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ಆ ಮಾತು ನನ್ನ ಕಿವಿಯ ಒಳಕ್ಕೇ ಹೋಗಿರಲಿಲ್ಲ. ತಲೆಯ ತುಂಬ ಒಂದು ಪಾಯಿಂಟ್ ಎರಡೇ ಕುಣಿಯುತ್ತಿತ್ತು. ಹುಡುಗಿಯ ಒಂಟಿ ಚಿತ್ರಗಳನ್ನೆಲ್ಲ ಪೂರ್ತಿ ತೆರೆದೇ ಹೊಡೆದೆ. ಕಣ್ಣು ಕನ್ನಡಿಯ ಹಾಗೆ ಬಂತು. ಭುಜದಿಂದ ಇಳಿದ ಸೆರಗು, ಅಂಚು, ಹಂಸ ಎಲ್ಲವೂ ಕರಗಿಹೋದವು. ಗುಂಪಿನ ಫೋಟೋಗಳನ್ನು ಹಳೇ ಲೆನ್ಸಿನಲ್ಲಿ ದೂರದಿಂದ ತೆಗೆದಿದ್ದರಿಂದ ಅವುಗಳಲ್ಲಿ ಅಂಚು ಬರೀ ಹಳದಿ ಗೆರೆ.

ಮರುದಿನ ಲೆನ್ಸು ವಾಪಸು ಕೊಟ್ಟೆ. ವರದಿಯನ್ನೂ ಬರೆದೆ. ಅದರಲ್ಲಿ ಆ ಹುಡುಗಿಯ ಚಿತ್ರವನ್ನೇ ಹಾಕಿ, 'ಜರಿಯ ಹೊಳಪು ಎಷ್ಟು ಚೆಂದದ ದುಂಡು ಬೆಳಕಾಗಿ ಹರಡಿದೆ ನೋಡಿ' ಎಂದು ಹೊಗಳಿದ್ದೆ. ಫೋಟೋಗ್ರಾಫರುಗಳ ಗುಂಪಿನಲ್ಲಿ ಮೆಚ್ಚುಗೆಯ ಹೆಬ್ಬೆರಳುಗಳ ಸುರಿಮಳೆ. ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಆಲ್ಬಂ ಸಿದ್ಧವಾದ ದಿನ ನೇಕಾರರು ಒಬ್ಬರೇ ಬಂದರು. ಮಗಳು ಹನೂರಿನ ಗಂಡನ ಮನೆಯಲ್ಲಿದ್ದಳು. ಆಲ್ಬಮ್ಮನ್ನು ಅಂದೇ ಅಲ್ಲಿಗೆ ತಲುಪಿಸಬೇಕಿತ್ತು. ಅವರು ಪುಟ ತಿರುವಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಬಾಗಿಲಿನ ಬೆಳಕಿಗೆ ಹೋಗಿ ನಿಂತರು. ಫೋಟೋದ ಮೇಲೆ ಹೆಬ್ಬೆರಳು ಆಡಿಸಿದರು.

"ಮಗಿ ಕಣ್ಣು ಸಂದಾಗಿ ಬಂದದೆ ಸಾ. ಹಂಸನೇ ಕಾಣ್ತಿಲ್ವಲ್ಲ ನಂಗೆ. ಮಬ್ಬು ಮಬ್ಬಾಗದೆ. ನನ್ ಕಣ್ಣೇ ಓಯ್ತಾ ಅಂತ?"

ಆ ಹೊತ್ತಿಗೆ ಒಂದೇ ಒಂದು ಮಾತು ಸಾಕಿತ್ತು. ತಪ್ಪು ನಿಮ್ಮ ಕಣ್ಣಿನದಲ್ಲ, ನನ್ನದು ಎಂದರೆ ಮುಗಿಯುತ್ತಿತ್ತು. ಆದರೆ ಕೌಂಟರಿನ ಹತ್ತಿರ ಇನ್ನಿಬ್ಬರು ಗಿರಾಕಿಗಳಿದ್ದರು, ನನಗೆ ಮರ್ಯಾದೆ ದೊಡ್ಡದಾಯಿತು. "ಒಂದ್ಸಲ ಕನ್ನಡಕ ತೋರಿಸ್ಕೊಳ್ಳಿ ಯಜಮಾನ್ರೇ" ಎಂದುಬಿಟ್ಟೆ. ಅವರು ಪಾಪ, "ಊಂ ಕಣ್ರಿ" ಎಂದು ಆಲ್ಬಮ್ಮನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟರು. ನಾನು ಮುಂದಿನ ಗಿರಾಕಿಯನ್ನು ಕರೆದೆ.

ಮೂರು ತಿಂಗಳಾದ ಮೇಲೆ ಯಾವುದೋ ಕೆಲಸಕ್ಕೆ ಅವರ ಬೀದಿಗೆ ಹೋಗಿದ್ದೆ. ಅವರ ಮನೆಯಿಂದ ಮಗ್ಗದ ಸದ್ದೇ ಇಲ್ಲ. ಒಳಗೆ ಇಣುಕಿದರೆ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ನನ್ನನ್ನು ಕಂಡವರೇ ಎದ್ದು ಚಾಪೆ ಹಾಸಿದರು. ಏಕೆ ನೇಯುತ್ತಿಲ್ಲ ಎಂದು ಕೇಳಿದೆ.

"ನೀವೇ ಯೋಳಿದ್ರಲ್ಲ ಸಾ, ಕಣ್ ತೋರ‍್ಸಿ ಅಂತ."

"ಡಾಕ್ಟ್ರು ಏನಂದ್ರು?"

"ಸರ‍್ಯಾಗೇ ಅದೆ ಅಂದ್ರು. ಡಾಕ್ಟ್ರಿಗೆ ಅಂಚು ಗೊತ್ತಾದದಾ ಸಾ? ಅವ್ರು ಗೋಡೆ ಮೇಲಿನ ಅಕ್ಸರ ಓದಿಸ್ತಾರೆ. ನೀವು ದಿನಾ ಕಣ್ಣಲ್ಲೇ ಗೇಯವ್ರು, ನಿಮ್ಗೆ ತಿಳೀತದೆ ಅನ್ಕಂಡಿ. ಅಂಚು ಕಾಣ್ದಿದ್ ಮ್ಯಾಕೆ ಇನ್ನೊಬ್ರ ನೂಲು ಯಾಕೆ ಕೆಡಿಸನೆ ಅಂತ ಬುಟ್ಬುಟ್ಟಿ."

ಅಲ್ಲೇ, ಆ ಚಾಪೆಯ ಮೇಲೇ ಕೂತು ಎಲ್ಲವನ್ನೂ ಹೇಳಿದೆ: ಲೆನ್ಸು ನನ್ನದಲ್ಲ, ಪರೀಕ್ಷೆಗೆ ತಂದದ್ದು, ಅದನ್ನು ಪೂರ್ತಿ ತೆರೆದರೆ ಹತ್ತಿರದ್ದೇ ಮಸುಕಾಗುತ್ತದೆ, ಆ ಫೋಟೋದಲ್ಲಿ ಹಂಸ ನನ್ನ ಕಣ್ಣಿಗೂ ಕಾಣುವುದಿಲ್ಲ, ಯಾರ ಕಣ್ಣಿಗೂ ಕಾಣುವುದಿಲ್ಲ, ಅಂದು ನಿಮ್ಮ ಹತ್ತಿರ ಸುಳ್ಳು ಹೇಳಿದೆ. ಬೈದಾರು ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರ ಮುಖ ಮಾತ್ರ ಅರಳಿತು.

"ಅಂಗಾರೆ ನನ್ ಕಣ್ಣು ಸರ‍್ಯಾಗದಾ?" ಎಂದವರೇ ಒಳಕ್ಕೆ ಕೂಗಿದರು. "ಇವಳೇ, ಬಾ ಇಲ್ಲಿ! ನನ್ ಕಣ್ಗೇನೂ ಆಗಿಲ್ವಂತೆ. ನಾಳಿಂದ ಮಗ್ಗಕ್ಕಿಳೀತೀನಿ!"

ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನಡುಮನೆಯಲ್ಲಿ ನಿಂತರು. ಗಂಡನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕಾಲಿನ ಕೆಳಗಿನ ನೆಲ ತೋರಿಸಿದರು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿ ಇದ್ದ ಜಾಗದಲ್ಲಿ ಹೊಸ ಸಿಮೆಂಟು.

"ಮಗ್ಗ ಬಿಚ್ಚಿ ಕೊಟ್ಟು, ಗುಂಡಿ ಮುಚ್ಚಿಸಿ ಎಂಟು ದಿನ ಆಯ್ತಲ್ಲ" ಎಂದರು.

ಖುಷಿಯಲ್ಲಿ ಅದನ್ನೇ ಮರೆತಿದ್ದ ನೇಕಾರರು ಬಗ್ಗಿ ಆ ಸಿಮೆಂಟಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಒಂದಿಷ್ಟೂ ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು:

"ಅವತ್ತೇ ಒಂದ್ಮಾತು ಯೋಳ್ಬಾರ‍್ದಾಗಿತ್ತಾ ಸಾ?"