ಹಲ್ಲಿನಲ್ಲಿ ಕಚ್ಚಿದ ಸ್ಕ್ರೂಡ್ರೈವರ್

ಎರಡನೇ ಮಹಾಯುದ್ಧಕ್ಕೆ ಮುಂಚೆ ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಮೋಟಾರು ಮಾರುವ ಕಂಪನಿಯೊಂದರಲ್ಲಿ ನಾನೂ ನನ್ನ ಅಣ್ಣನೂ ಮೆಕ್ಯಾನಿಕ್‌ಗಳಾಗಿದ್ದೆವು. ಧಾರವಾಡದಿಂದ ನನ್ನನ್ನು ಕರೆತಂದು ಕೆಲಸ ಕಲಿಸಿದವನು ಅವನೇ. ಸಂಸ್ಥಾನಿಕರು ಕೊಳ್ಳುವ ಅತಿವೇಗದ ಕಾರುಗಳು ಬರತೊಡಗಿದಾಗ, ಅವುಗಳ ರಿಪೇರಿ ಕಲಿಸಲು ಮುಂಬಯಿಯಿಂದ ಒಬ್ಬ ಸಾಹೇಬ ಬಂದ. ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಇನ್ನು ಕಾರು ತೊಳೆಯಬೇಕೆಂದು ಮ್ಯಾನೇಜರ್ ಮೊದಲೇ ಹೇಳಿದ್ದರು.

ಓಡುವ ಎಂಜಿನ್ನಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ದೋಷ ಯಾವ ಸಿಲಿಂಡರಿನಲ್ಲಿದೆ ಎಂದು ಹೇಳುವುದು ನಮ್ಮ ರೂಢಿ. ಅಣ್ಣ ಮಾತ್ರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ವರ್ಷಗಟ್ಟಲೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಅವನ ಕಿವಿ ಮಂದವಾಗಿತ್ತು. ಹಲ್ಲಿಗೆ ಬರುವ ನಡುಕದಿಂದ ಅವನು ದೋಷ ಹಿಡಿಯುತ್ತಿದ್ದ. ಮಾತನ್ನು ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಇದು ನನಗೊಬ್ಬನಿಗೇ ಗೊತ್ತಿತ್ತು.

“ಏನ್ರೀ ಅಣ್ಣಾರ, ಎಂಜಿನ್ ರುಚಿ ಹೆಂಗದ?” ಎಂದು ಜೊತೆಯವರು ಎದುರಿಗೆ ನಿಂತು ಕೇಳುತ್ತಿದ್ದರು.

“ಉಪ್ಪು ಕಮ್ಮಿ ಅದ,” ಎನ್ನುತ್ತಿದ್ದ ಅಣ್ಣ.

ಪರೀಕ್ಷೆಯ ದಿನ ಅವನು ಹಿಡಿ ಕಚ್ಚಿ ಮೂರು ಬೆರಳು ತೋರಿಸಿದ. ದೋಷ ಮೂರನೇ ಸಿಲಿಂಡರಿನಲ್ಲೇ ಇತ್ತು. ಸಾಹೇಬ ತಲೆದೂಗಿದ. ಆಮೇಲೆ ಅಣ್ಣನ ಬೆನ್ನ ಹಿಂದೆ ಹೋಗಿ, ಎಂಜಿನ್ ಬಂದ್ ಮಾಡು ಎಂದ. ಅಣ್ಣ ಅಲುಗಲಿಲ್ಲ. ಸಾಹೇಬ ಮತ್ತೆ ಕೂಗಿದ. ನಾನು ಅಣ್ಣನ ತೋಳು ಮುಟ್ಟುವಷ್ಟರಲ್ಲಿ ಸಾಹೇಬನೇ ಕೈಚಾಚಿ ಎಂಜಿನ್ ನಿಲ್ಲಿಸಿದ.

ನಾನು ತೇರ್ಗಡೆಯಾದೆ. ಮುಂದಿನ ವಾರ, ನಾನು ರಿಪೇರಿ ಮಾಡುತ್ತಿದ್ದ ಆ ಪರೀಕ್ಷೆಯ ಕಾರನ್ನೇ ತೊಳೆಯಲು ಅಣ್ಣ ಬಕೆಟ್ ಹಿಡಿದು ಬಂದ.

“ಮೂರನೇದು ಸರಿ ಆತೇನು?” ಎಂದ.

“ಆತಣ್ಣಾ,” ಎಂದೆ, ಎಂಜಿನ್ನಿನ ಮೇಲೆ ಬಗ್ಗಿದ್ದ ತಲೆ ಎತ್ತದೆ.

ಶೆಡ್ಡಿನಲ್ಲಿ ಆಗ ಯಾವ ಎಂಜಿನ್ನೂ ಓಡುತ್ತಿರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಕಾದು, ಅದನ್ನೇ ಮತ್ತೆ ಕೇಳಿದ.