ಕೊರಮೀನಿಗೆ ಗುಳಿಗೆ ಕಲಿಸಿದ್ದು

ನೀವು ನಂಬಲಿಕ್ಕಿಲ್ಲ, ಮೇಲೂರಿನ ಕೆರೆ ಬತ್ತಿದಾಗ ಕೆಸರಿಗೆ ಕೈಹಾಕಿ ಹಿಡಿದು ನಾವು ಸಾರು ಮಾಡುತ್ತಿದ್ದ ಕೊರಮೀನನ್ನು ಬೊಂಬಾಯಿಯಲ್ಲಿ ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ಗಾಜಿನ ತೊಟ್ಟಿ, ಮೇಲೊಂದು ದೀಪ, ಪಕ್ಕದಲ್ಲಿ ಇಂಗ್ಲಿಷ್ ಹೆಸರಿನ ಹಲಗೆ. ಸಮುದ್ರದ ದಡದ ಆ ಮೀನುಮನೆಯಲ್ಲಿ ಕೆಲಸಕ್ಕೆ ಸೇರಿದ ದಿನ ಅದರ ಎದುರು ನಿಂತು ಮೊದಲು ನಗು ಬಂತು, ಆಮೇಲೆ ಅಳು ಬಂತು. ಈ ಊರಲ್ಲಿ ನನಗೆ ಗುರುತಿದ್ದ ಮುಖ ಅದೊಂದೇ.

ಅದು ಐವತ್ತರ ದಶಕದ ಕೊನೆ. ಶಿಡ್ಲಘಟ್ಟದಲ್ಲಿ ನಾನೂ ನನ್ನ ಹೆಂಡತಿಯೂ ಚರಕದಲ್ಲಿ ರೇಷ್ಮೆನೂಲು ತೆಗೆಯುತ್ತಿದ್ದೆವು. ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಆ ಚರಕದ ಮುಂದೆ ಕೂರಲು ನನ್ನಿಂದಾಗಲಿಲ್ಲ. ಎರಡು ವರ್ಷದ ಮಗಳು ರತ್ನಳನ್ನು ಮೇಲೂರಿನ ಅಕ್ಕನ ಮಡಿಲಿಗೆ ಹಾಕಿ, ಪರಿಚಯದ ರೇಷ್ಮೆ ವ್ಯಾಪಾರಿಯೊಬ್ಬರ ಜೊತೆ ರೈಲು ಹತ್ತಿದೆ.

ಇಲ್ಲಿ ಖೋಲಿ ಎಂದರೆ ಒಂದೇ ಕೋಣೆಯ ಮನೆ. ಅದರಲ್ಲಿ ನಾವು ಆರು ಗಂಡಸರು ಸರದಿಯಲ್ಲಿ ಮಲಗುತ್ತಿದ್ದೆವು. ಮುದ್ದೆಯ ಬದಲು ಭಾಕರಿ, ಅಂದರೆ ಜೋಳದ ದಪ್ಪ ರೊಟ್ಟಿ. ಅಲ್ಲಿ ಮುದ್ದೆ ನುಂಗಿದರೆ ಆಯಿತು. ಇಲ್ಲಿ ಅಗಿದೂ ಅಗಿದೂ ದವಡೆ ನೋಯುತ್ತಿತ್ತು. ಹಿಂದಿ ಬಾರದೆ ಮೂರು ತಿಂಗಳು ಮೂಗನಂತಿದ್ದೆ. ಟ್ರಾಮಿನಲ್ಲಿ ಸರಿಯಾದ ಕಡೆ ಇಳಿದ ಮೊದಲ ದಿನ ರಾಜ್ಯ ಗೆದ್ದಷ್ಟು ಹೆಮ್ಮೆಯಾಯಿತು, ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಕೊರಮೀನು ಬೇಟೆಯ ಜಾತಿ. ಜೀವಂತ ಮರಿಮೀನನ್ನಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ದಿನವೂ ಮರಿಮೀನು ಹಿಡಿದು ತರುವುದು ನನ್ನ ಕೆಲಸ. ಮೂರನೇ ವರ್ಷ, ಮಗಳನ್ನು ನೋಡಬೇಕು, ರಜೆ ಕೊಡಿ ಎಂದು ಮೇಲಧಿಕಾರಿಯನ್ನು ಕೇಳಿದೆ. ಅವರು ಒಣ ಸೀಗಡಿ ಪುಡಿಗೆ ಹಿಟ್ಟು ಕಲಸಿ ಮಾಡಿದ ಗುಳಿಗೆಗಳ ಡಬ್ಬಿ ಮುಂದಿಟ್ಟು, "ಮೀನು ಇದನ್ನು ತಿಂದ ಮೇಲೆ ಹೋಗು. ಇಲ್ಲದಿದ್ದರೆ ಮರಿಮೀನು ತರುವವರು ಯಾರು?" ಎಂದರು.

ಗುಳಿಗೆ ಹಾಕಿದೆ. ಮೀನು ಮೂಸಿಯೂ ನೋಡಲಿಲ್ಲ. ನೀರು ಕೆಟ್ಟಿತು, ಬೈಸಿಕೊಂಡೆ. ಅಲುಗಾಡುವುದನ್ನಷ್ಟೇ ಅದು ಊಟವೆಂದು ತಿಳಿದಿದೆ ಎಂದು ಹೊಳೆದಾಗ ನನ್ನ ಪೆಟ್ಟಿಗೆ ತೆಗೆದೆ. ಹೆಂಡತಿ ಕೊನೆಯದಾಗಿ ತೆಗೆದ ರೇಷ್ಮೆನೂಲಿನ ಒಂದು ಲಡಿ ಅದರಲ್ಲಿತ್ತು. ಎಳೆಯೊಂದನ್ನು ಬಿಡಿಸಿ, ತುದಿಗೆ ಸತ್ತ ಮರಿಮೀನು ಕಟ್ಟಿ, ನೀರಿಗಿಳಿಸಿ ಮೆಲ್ಲಗೆ ಕುಣಿಸಿದೆ. ಬಿಸಿನೀರಿನಲ್ಲಿ ಬೆಂದ ರೇಷ್ಮೆಗೂಡಿನಿಂದ ನೂಲು ಹರಿಯದಂತೆ ಎಳೆದು ಪಳಗಿದ ಬೆರಳುಗಳು ಇವು. ಮೀನು ನುಗ್ಗಿ ಬಂದು ಎಳೆಯ ಸಮೇತ ಕಿತ್ತುಕೊಂಡಿತು. ದಿನಗಳೆದಂತೆ ಮೀನಿನ ತುಂಡು, ಆಮೇಲೆ ತುಂಡಿನ ಜೊತೆ ಗುಳಿಗೆ, ಕೊನೆಗೆ ಬರೀ ಗುಳಿಗೆ. ಮೂರು ವಾರಕ್ಕೆ ದಾರವೂ ಬೇಡವಾಯಿತು, ಯಾರು ಹಾಕಿದರೂ ತಿನ್ನತೊಡಗಿತು. ಲಡಿ ಅರ್ಧವಾಗಿತ್ತು. ಎಂಟು ದಿನ ರಜೆ ಸಿಕ್ಕಿತು.

ಅಕ್ಕನ ಮನೆಯ ಮುಂದೆ ಅವಳ ಮಕ್ಕಳು "ಮಾವ ಬಂದ, ಮಾವ ಬಂದ" ಎಂದು ಕೂಗಿದರು. ಅವರ ಹಿಂದೆ ನಿಂತಿದ್ದ ಐದು ವರ್ಷದ ರತ್ನಳೂ "ಮಾವ ಬಂದ" ಎಂದಳು.

"ಮಾವ ಅಲ್ಲ ಕಣೇ, ನಿಮ್ಮಪ್ಪ. ಅಪ್ಪ ಅನ್ನಮ್ಮ," ಎಂದಳು ಅಕ್ಕ. ರತ್ನ ತಿರುಗಿ ಬಾಗಿಲಲ್ಲಿ ನಿಂತಿದ್ದ ಭಾವನ ಮುಖ ನೋಡಿದಳು. ಅವಳಿಗೆ ಅಪ್ಪ ಎಂದರೆ ಅವರು.

ಊಟಕ್ಕೆ ಕೂತಾಗ ಮುದ್ದೆ ಮುರಿದು, ಅವರೆಕಾಳು ಸಾರಿನಲ್ಲಿ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದೆ. ತುಟಿ ಬಿಗಿದುಕೊಂಡಳು. ಅದೇ ತುತ್ತನ್ನು ಅಕ್ಕ ಹಿಡಿದಾಗ ಬಾಯಿ ತೆರೆದಳು.

"ಮಗೂಗೆ ನೀನು ಹೊಸಬ ಕಣೋ. ನಾಕು ದಿನ ಇರು, ಒಗ್ಕೊಂತಾಳೆ," ಎಂದಳು ಅಕ್ಕ.

ದಿನವೂ ತುತ್ತು ಹಿಡಿದೆ. ಐದನೆಯ ದಿನ ನನ್ನ ಪಕ್ಕದಲ್ಲಿ ಬಂದು ಕೂತಳು, ತುತ್ತು ಮಾತ್ರ ತೆಗೆದುಕೊಳ್ಳಲಿಲ್ಲ. ಮೀನಿಗೇ ಮೂರು ವಾರ ಬೇಕಾಗಿತ್ತು. ನನ್ನಲ್ಲಿ ಅಷ್ಟು ದಿನವಿರಲಿಲ್ಲ. ಜೊತೆಗೆ ಕರೆದುಕೊಂಡು ಹೋಗುವ ಮಾತು ಬಾಯಿಯವರೆಗೂ ಬಂತು. ಆರು ಗಂಡಸರ ಖೋಲಿಯಲ್ಲಿ ಅವಳನ್ನು ಎಲ್ಲಿ ಮಲಗಿಸಲಿ?

ಹೊರಟ ಬೆಳಿಗ್ಗೆ ಬಸ್ಸಿನ ಹತ್ತಿರ ರತ್ನ ಅಕ್ಕನ ಸೆರಗು ಹಿಡಿದು ನಿಂತಿದ್ದಳು. ಉಳಿದ ಲಡಿಯನ್ನು ಅವಳ ಕೈಗಿಟ್ಟೆ. ನಿಮ್ಮಮ್ಮ ತೆಗೆದದ್ದು ಎನ್ನಬೇಕೆಂದಿದ್ದೆ, ಅಕ್ಕನ ಮುಖ ನೋಡಿ ಅನ್ನಲಿಲ್ಲ. ಅವಳಿಗೆ ಅಮ್ಮ ಎಂದರೆ ಅಕ್ಕನೇ.

"ಮಾವ, ನಿಮ್ಮೂರಿಗೆ ಹೋಗ್ತೀಯಾ?" ಎಂದಳು.

"ಹೂಂ ಕಣಮ್ಮ, ನಮ್ಮೂರಿಗೆ," ಎಂದೆ.